ಕೃತಜ್ಞ ಮಹಾಶಯರು

ನಗರವನ್ನು ತೊರೆದು ಹಳ್ಳಿಗೆ ಮರಳುವವರಲ್ಲಿ ಹಲವು ಬಗೆಗಳುಂಟು. ಬಾವಿಯ ನೀರನ್ನು ಕುದಿಸಿ, ಸೋಸಿ, ಅನಂತರವೂ ಸಂಶಯದಿಂದಲೇ ಕುಡಿಯುವವರು. ಉಂಬುಳ ಕಚ್ಚಿದೊಡನೆ ಬೆಂಗಳೂರಿನ ಬಸ್ಸಿನ ವೇಳೆಯನ್ನು ವಿಚಾರಿಸುವವರು. ಅಡಿಕೆ ತೋಟದ ಲೆಕ್ಕವನ್ನು ಕಂಪ್ಯೂಟರಿಗೇರಿಸಿ ತಂದೆಯವರನ್ನು ಕಂಗೆಡಿಸುವವರು. ಇವರೆಲ್ಲರನ್ನೂ ಹೇಗೋ ಸಹಿಸಬಹುದು. 2020ರ ಲಾಕ್‌ಡೌನಿನ ಕಾಲದಲ್ಲಿ ಬಂದು ಸುಳ್ಯದ ಕಡೆಯ ಗುತ್ತಿಗಾರಿನಲ್ಲಿ ನಮ್ಮ ನೆರೆಯವರಾಗಿ ನೆಲೆಸಿದ ಮಹಾಶಯರಾದರೋ ಕೃತಜ್ಞತೆಯ ಪಂಥಕ್ಕೆ ಸೇರಿದವರು.

ದಿನಸಿ ಅಂಗಡಿಗೆ ಅವರು ಬರುವುದು ಸಾಮಾನು ಕೊಳ್ಳಲಿಕ್ಕಲ್ಲ, ವಂದಿಸಲಿಕ್ಕೆ. ಮಳೆಗಾಲದ ಒಂದು ಸಂಜೆ, ತೊಯ್ದ ಕೊಡೆಗಳನ್ನು ಬಾಗಿಲಿಗೊರಗಿಸಿ, ಕರೆಂಟು ಹೋಗುವುದರೊಳಗೆ ದೋಸೆಗೆ ಕಡೆದಿಡಬೇಕೆಂಬ ಆತುರದಲ್ಲಿ ನಾಲ್ಕಾರು ಮಂದಿ ನಿಂತಿರಲು, ಇವರು ಅಂಗೈಯಲ್ಲೊಂದು ಟೊಮೆಟೊವನ್ನಿರಿಸಿಕೊಂಡು, “ಇದನ್ನು ಬೆಳೆದ ಪುಣ್ಯಾತ್ಮರು ಯಾರು? ಅವರಿಗೊಂದು ಕೃತಜ್ಞತೆ ತಿಳಿಸಬೇಕಿತ್ತು” ಎಂದರು. “ಘಟ್ಟದ ಮೇಲಿನದ್ದು ಮಾರಾಯ್ರೆ, ಯಾರೆಂತ ಹೇಳುವುದು? ಚೀಲ ಕೊಡಿ” ಎಂದನು ಅಂಗಡಿಯಾತ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಸಂಪಾಜೆಯ ಘಾಟಿ ಮುಚ್ಚಿದಾಗ, ಹಿತ್ತಿಲಿನ ಬಸಳೆಯನ್ನೂ ಕೂಡಿಟ್ಟ ಹಲಸಿನ ಬೀಜವನ್ನೂ ಬೇಯಿಸಿ ಉಂಡು ಸುಮ್ಮನಿದ್ದ ಊರಿದು. ಒಂದು ಟೊಮೆಟೊವಿನ ನಿಮಿತ್ತ ಇಷ್ಟು ಭಾವಾವೇಶವನ್ನು ಅದು ಹಿಂದೆಂದೂ ಕಂಡಿರಲಿಲ್ಲ.

ಕುಚ್ಚಿಲಕ್ಕಿಯ ಗಂಜಿಯ ಮುಂದೆ ಅವರು ಕಣ್ಣು ಮುಚ್ಚುತ್ತಾರೆ. ಕಾಟುಮಾವಿನ ಗೊಜ್ಜಿಗೆ ಕೈ ಮುಗಿಯುತ್ತಾರೆ. ಒಲೆ ಹೊತ್ತಿಸಿದ ತೆಂಗಿನ ಮಡಲಿಗೂ ಧನ್ಯವಾದವುಂಟು. ಹುಟ್ಟಿದಂದಿನಿಂದ ಇವುಗಳನ್ನೇ ತಿಂದು, ಎರಡನೆಯ ಸಲ ಬಡಿಸಿಕೊಳ್ಳುವುದನ್ನೇ ಪ್ರಶಂಸೆಯ ಪರಮಾವಧಿಯೆಂದು ಭಾವಿಸಿಕೊಂಡು ಬಂದ ನನ್ನನ್ನು, ಅವರು ಬಂದಂದಿನಿಂದ ನಮ್ಮ ಮನೆಯವಳು ಒಂದು ಬಗೆಯಾಗಿ ದಿಟ್ಟಿಸತೊಡಗಿದ್ದಾಳೆ. ಅವರ ಮೇಲೆ ನನಗಿರುವ ಮುನಿಸಿಗೆ ಇದೂ ಒಂದು ಕಾರಣವಿದ್ದೀತು.

ಆದರೆ ಮುಖ್ಯ ಕಾರಣ ಪತ್ರೊಡೆ. ಆಟಿ ತಿಂಗಳ ಒಂದು ಭಾನುವಾರ, ಅವರು ಸ್ವಹಸ್ತದಿಂದ ಕೆಸುವಿನೆಲೆ ಕೊಯ್ದು, ಸ್ವಹಸ್ತದಿಂದ ಅಕ್ಕಿ ಕಡೆದು, ಅಟ್ಟಿನಳಗೆಯಲ್ಲಿ ಬೇಯಿಸಿ ನನ್ನನ್ನು ಆಮಂತ್ರಿಸಿದರು. ಮರಕೆಸುವಾಗಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ, ಇದು ತೋಡಿನ ಬದಿಯ ಕೆಸು. ಅದರ ತುರಿಕೆಗೆ ಹುಣಸೆಹುಳಿಯೊಂದೇ ಮದ್ದೆಂಬುದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಹುಳಿಯು ಎಲೆಯ ಸಹಜ ಸ್ವಾದವನ್ನು ಮರೆಮಾಡುವುದೆಂದು ತರ್ಕಿಸಿದ ಮಹಾಶಯರು ಅದನ್ನು ನಾಮಮಾತ್ರಕ್ಕೆ ಹಾಕಿದ್ದರು. ಮೊದಲ ತುತ್ತಿನಲ್ಲಿ ಬೆಲ್ಲದ ಸವಿ ತಿಳಿಯಿತು. ಎರಡನೆಯದರಲ್ಲಿ ಗಂಟಲಿನ ಅಂಗರಚನೆಯೇ ಸವಿಸ್ತಾರವಾಗಿ ತಿಳಿಯಿತು. ಅವರೋ, ಭೂಮಿ, ಮಳೆ, ಎಲೆ ಎಂದು ಋಣಗಳನ್ನೆಣಿಸುತ್ತ ಸಾಗಿದ್ದರು. ನನ್ನ ಕಣ್ಣುಗಳಲ್ಲಿ ಧಾರಾಕಾರವಾಗಿ ನೀರಿಳಿಯುವುದನ್ನು ಕಂಡು, “ನನಗೂ ಮೊದಮೊದಲು ಹೀಗೆಯೇ ಆಗುತ್ತಿತ್ತು” ಎಂದು ಗದ್ಗದಿತರಾದರು. ಅಷ್ಟರಲ್ಲಿ ಒಳಗಿನಿಂದ ಅವರ ವೃದ್ಧ ತಾಯಿ ಹುಳಿಮಜ್ಜಿಗೆಯ ಲೋಟ ಹಿಡಿದು ಬಂದು, “ಹುಳಿ ಹಾಕು ಹಾಕು ಎಂದು ಬಡಕೊಂಡೆ. ಇವನು ಕೇಳಬೇಕಲ್ಲ!” ಎಂದರು.

ಹಾಗೆ ಗೊಣಗುವಾಗಲೂ ಆಕೆಯ ಮುಖದಲ್ಲಿದ್ದ ಉಲ್ಲಾಸವನ್ನು ಗಮನಿಸದಿರಲು ಗಂಟಲಿನ ತುರಿಕೆಯಿಂದಲೂ ಸಾಧ್ಯವಾಗಲಿಲ್ಲ. ಹಳದಿ ಎಲೆ ರೋಗದಿಂದ ತೋಟ ಬರಿದಾಗಿ, ಮಕ್ಕಳು ದೂರ ಹೋಗಿ, ಇಬ್ಬರು ಮುದುಕರಷ್ಟೇ ಅಳತೆ ಅಕ್ಕಿ ಬೇಯಿಸಿಕೊಳ್ಳುವ ಮನೆಗಳು ಸುಳ್ಯದ ಕಡೆ ವಿರಳವಲ್ಲ. ತಿನ್ನುವವರಾರೆಂದು ಉಪ್ಪುಸೊಳೆ ಹಾಕುವುದನ್ನೇ ಬಿಟ್ಟಿದ್ದ ಈ ತಾಯಿ, ಮಗ ಬಂದ ಮೇಲೆ ದೊಡ್ಡ ಭರಣಿಯನ್ನು ತೊಳೆದು ಮತ್ತೆ ತುಂಬಿಸಿದ್ದಾರೆ. ಮಗನ ಧನ್ಯವಾದಗಳೆಲ್ಲ ಮಡಲಿಗೂ ಟೊಮೆಟೊವಿಗೂ ವೆಚ್ಚವಾಗುತ್ತಿರುವುದನ್ನು ಆಕೆ ಲೆಕ್ಕಿಸಿದಂತಿಲ್ಲ. ಅವನು ಎರಡನೆಯ ಸಲ ಬಡಿಸಿಕೊಳ್ಳುತ್ತಾನೆ, ಆಕೆಗದು ಸಾಕು.

ವಾಚಕರು ಆಟಿಯಲ್ಲಿ ಇತ್ತ ಬಂದು, ಯಾರಾದರೂ ಪತ್ರೊಡೆಗೆ ಕರೆದರೆ ಅವಶ್ಯವಾಗಿ ಹೋಗಿರಿ. ಹುಳಿ ಹಾಕಿದವರು ತಾಯಿಯೋ ಮಗನೋ ಎಂಬುದನ್ನು ಮಾತ್ರ ಎಲೆಯ ಮುಂದೆ ಕುಳಿತುಕೊಳ್ಳುವ ಮೊದಲೇ ಕೇಳಿಕೊಳ್ಳಿರಿ.