ಇಸ್ಪೀಟ್ ಎಕ್ಕದ ಸಂದರ್ಶನ

ಒಂದೇ ಜಾತಿಯ ಐದು ಎಲೆ ಕೂಡಿದರೆ ಪೋಕರ್‌ನಲ್ಲಿ ಅದು ಫ್ಲಶ್. ತೀನ್ ಪತ್ತಿಯವರು ಮೂರೇ ಎಲೆಗೆ ‘ಕಲರ್’ ಎನ್ನುವುದು ಇದರ ತಮ್ಮ. 52 ಎಲೆಗಳಿಂದ ಐದನ್ನು ಎತ್ತುವ 25,98,960 ಬಗೆಗಳಲ್ಲಿ ಬರಿಯ ಫ್ಲಶ್ ಆಗುವಂಥವು 5,108. ಎದುರಾಳಿಯ ಕೈಯಲ್ಲಿ ಅದು ಇದೆಯೋ ಇಲ್ಲವೋ ಎಂಬ ಊಹೆಯ ವಿಚಾರದಲ್ಲಿ ಇಸ್ಪೀಟ್ ಎಕ್ಕಕ್ಕಿಂತ ದೊಡ್ಡ ಸಾಕ್ಷಿ ಸಿಗುವುದಿಲ್ಲ. ಆಟಗಾರರ ಅರ್ಧ ದಿಗಿಲು ಹುಟ್ಟುವುದೇ ಅದು ಯಾರ ಹತ್ತಿರ ಇದೆಯೆಂದು ತಿಳಿಯದೆ.

ಮೊದಲ ಪ್ರಶ್ನೆ ಮುಗಿಯುವ ಮುನ್ನವೇ ಎಕ್ಕ ತನ್ನ ವಂಶಾವಳಿ ಬಿಚ್ಚಿತು. ಇಂಗ್ಲೆಂಡಿನಲ್ಲಿ ಇಸ್ಪೀಟಿನ ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಇದ್ದದ್ದು ಅದೇ ಎಲೆ. ಅದರ ನಕಲು ಮಾಡಿದ ರಿಚರ್ಡ್ ಹಾರ್ಡಿಂಗ್ ಎಂಬಾತ 1805ರಲ್ಲಿ ಗಲ್ಲಿಗೇರಿದ. ಅಂಥ ಕುಲೀನ ಎಲೆಗೂ ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ಆಟೀನ್ ಎಕ್ಕದಷ್ಟೇ ಬೆಲೆ. “ಜಾತಿ ಕೇಳುತ್ತಾರೆ, ಮೇಲುಕೀಳು ಮಾಡುವುದಿಲ್ಲ. ಇಂಥ ಜಾಗ ಇನ್ನೊಂದು ತೋರಿಸಿ” ಎಂದದ್ದು ದೂರೋ ಹೊಗಳಿಕೆಯೋ ಸ್ಪಷ್ಟವಾಗಲಿಲ್ಲ.

ಮುಖ ನೋಡಿ ಫ್ಲಶ್ ಹಿಡಿಯಬಹುದೇ ಎಂಬ ಪ್ರಶ್ನೆಗೆ ಎಕ್ಕ ನಕ್ಕಿತು. ರಾತ್ರಿ ಹೊತ್ತು ಕೋಣೆಯೊಳಗೆ ಕಪ್ಪು ಕನ್ನಡಕ ಹಾಕಿ ಕೂರುವವರಿಗೆ ಎದುರಿನವರ ಮುಖ ಹಾಗಿರಲಿ, ಸ್ವಂತ ಎಲೆಯೇ ಸರಿಯಾಗಿ ಕಾಣುವುದಿಲ್ಲವಂತೆ. ಆದರೂ ಒಂದು ಸನ್ನೆಯನ್ನು ಅದು ಒಪ್ಪಿಕೊಂಡಿತು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿ ಮೇಜಿನಲ್ಲಿ ಬಿಚ್ಚುವ ಮೊದಲ ಮೂರು ಎಲೆಗಳಲ್ಲಿ) ಮೂರೂ ಇಸ್ಪೀಟ್ ಬಿದ್ದೊಡನೆ ಆಟಗಾರನೊಬ್ಬ ತನ್ನ ಎರಡು ಎಲೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಮತ್ತೆ ಎತ್ತಿ ನೋಡಿದರೆ, ಅವನಲ್ಲಿ ಫ್ಲಶ್ ಆಗಿರುವ ಸಂಭವ ಕಡಿಮೆ. ಎರಡೂ ಒಂದೇ ಜಾತಿಯಾಗಿದ್ದರೆ ಮೊದಲ ನೋಟಕ್ಕೇ ನೆನಪಿನಲ್ಲಿ ಕೂತಿರುತ್ತದೆ. ಬೇರೆ ಬೇರೆಯಾದರೆ ‘ಎಕ್ಕ, ಗುಲಾಮ’ ಎಂಬಷ್ಟೇ ಉಳಿದು ಯಾವುದು ಕಪ್ಪು, ಯಾವುದು ಕೆಂಪು ಎಂಬುದು ಮರೆತುಹೋಗುತ್ತದೆ. ಬೇಕೆಂದೇ ಮತ್ತೆ ನೋಡುವ ಕಿಲಾಡಿಗಳೂ ಉಂಟು.

ನಿಜವಾದ ಸುಳಿವು ಇರುವುದು ಬೆಟ್‌ನಲ್ಲಿ. ಇಸ್ಪೀಟ್ ರಾಜ, ಇಸ್ಪೀಟ್ ಏಳು, ಕಳಾವರ್ ನಾಲ್ಕು ಮೇಜಿಗೆ ಬಂದವೆನ್ನಿ. ಕೈಯಲ್ಲಿ ಎರಡು ಇಸ್ಪೀಟ್ ಇರುವವನಿಗೆ ಉಳಿದದ್ದು ಒಂಬತ್ತು. ಮುಂದಿನ ಎಲೆಯಲ್ಲೇ ಅದು ಬೀಳುವ ಅವಕಾಶ ನೂರಕ್ಕೆ 19. ಇನ್ನು ಬರಲಿರುವ ಎರಡೂ ಎಲೆ ಸೇರಿದರೆ 35. ಪಾಟ್‌ನಲ್ಲಿ (ಮೇಜಿನ ಒಟ್ಟು ಪಣದಲ್ಲಿ) 100 ಇದ್ದು ಎದುರಾಳಿ 100 ಹಾಕಿದರೆ, ಅಷ್ಟೇ ತೆತ್ತು ಕಾಲ್ ಮಾಡಲು ಮೂರರಲ್ಲಿ ಒಂದು ಪಾಲು ಅವಕಾಶ ಬೇಕು. ಲೆಕ್ಕ ಬಲ್ಲವನು ಒಂದೇ ಎಲೆಯ ಆಸೆಗೆ ಅಷ್ಟು ತೆರುವಾಗ ಹಿಂದುಮುಂದು ನೋಡುತ್ತಾನೆ. ಬೆಟ್ 25 ಆದರೆ ನಗುತ್ತಾ ಕೊಡುತ್ತಾನೆ. ಹೀಗಾಗಿ ಎರಡು ಸುತ್ತು ತೆಪ್ಪಗೆ ಕಾಲ್ ಮಾಡುತ್ತ ಬಂದವನು ಕೊನೆಯ ಎಲೆಯಾದ ರಿವರ್‌ನಲ್ಲಿ ಇಸ್ಪೀಟ್ ಎರಡು ಬಿದ್ದೊಡನೆ ತಾನಾಗಿ ದೊಡ್ಡ ಬೆಟ್ ಕಟ್ಟಿದರೆ, ಮೊದಲು ಕೇಳಬೇಕಾದದ್ದು: ಹಿಂದೆ ಅವನು ತೆತ್ತದ್ದು ಅಗ್ಗವೋ ದುಬಾರಿಯೋ? ಲೆಕ್ಕವೇ ಇಲ್ಲದೆ ಎಲ್ಲಕ್ಕೂ ಕಾಲ್ ಮಾಡುವವರ ವಿಷಯದಲ್ಲಿ ಈ ತರ್ಕ ನಡೆಯದು; ಅವರನ್ನು ಓದಲು ದೇವರಿಗೂ ಆಗುವುದಿಲ್ಲವೆಂದು ಎಕ್ಕದ ಅಭಿಪ್ರಾಯ.

ತಾನು ಎಲ್ಲಿರುತ್ತೇನೆ ಎಂಬುದರಲ್ಲೇ ಅರ್ಧ ಉತ್ತರವಿದೆ ಎಂದು ಅದು ಹೇಳಿತು. ಮೇಜಿನಲ್ಲಿ ಮೂರು ಇಸ್ಪೀಟ್ ಇದ್ದು ಎದುರಾಳಿಯನ್ನು ಓದುವವನ ಕೈಯಲ್ಲಿ ಒಂದೂ ಇಲ್ಲದಿದ್ದರೆ ಎದುರಾಳಿಯ ಫ್ಲಶ್‌ಗೆ 45 ಜೋಡಿಗಳು ಸಾಧ್ಯ. ಎಕ್ಕ ಒಂದೇ ಓದುವವನ ಕೈಯಲ್ಲಿದ್ದರೂ ಅವು 36ಕ್ಕೆ ಇಳಿಯುತ್ತವೆ, ಅತಿ ದೊಡ್ಡ ಫ್ಲಶ್ ಬೇರೆ ಯಾರಿಗೂ ಇರಲಾರದು. ಹಾಗಾಗಿಯೇ ಕೈಯಲ್ಲಿ ಫ್ಲಶ್ ಇಲ್ಲದೆಯೂ ಎಕ್ಕ ಹಿಡಿದು ಬ್ಲಫ್ ಮಾಡುವವರು ಹೆಚ್ಚು. “ನನ್ನ ಹೆಸರಲ್ಲಿ ಸುಳ್ಳು ಹೇಳುವವರೇ ನನಗೆ ಗಿರಾಕಿಗಳು” ಎಂದಿತು. ನಾಲ್ಕು ಇಸ್ಪೀಟ್ ಮೇಜಿಗೆ ಬಂದಾಗಲಂತೂ ಕತೆಯೇ ಬೇರೆ: ಓದುವವನ ಬಳಿ ಇಸ್ಪೀಟ್ ಇಲ್ಲದಿದ್ದರೆ, ಒಬ್ಬನೇ ಎದುರಾಳಿಯಲ್ಲೂ ಒಂದಾದರೂ ಇರುವ ಅವಕಾಶ ನೂರಕ್ಕೆ 36.

ಮೇಜಿನಲ್ಲಿ ಒಂದೇ ಅಂಕಿಯ ಎರಡು ಎಲೆ ಬಿದ್ದರೆ ಫುಲ್ ಹೌಸ್ ಬಂದು ಫ್ಲಶ್ಶನ್ನೇ ನುಂಗುವುದಲ್ಲವೇ ಎಂಬುದು ಕೊನೆಯ ಪ್ರಶ್ನೆ. ಎಕ್ಕದ ಮುಖ ಸಣ್ಣಗಾಯಿತು. ಅದನ್ನು ಬೇಕಾದರೆ ರಾಣಿಯರನ್ನು ಕೇಳಿ ಎನ್ನುವಷ್ಟರಲ್ಲಿ ಡೀಲರ್ ಎಲೆಗಳನ್ನು ಗುಡ್ಡೆ ಹಾಕಿ ಕಲಸತೊಡಗಿದ.