ಹಿನ್ನೀರಿನ ಹುಷಾರಪ್ಪನವರು

ಶರಾವತಿ ಹಿನ್ನೀರಿನ ದಡದಲ್ಲಿ ಹತ್ತು ಮನೆಯ ಊರಿರಲಿ, ನಲವತ್ತು ಮನೆಯದಿರಲಿ, ಅಲ್ಲೊಬ್ಬ ಹುಷಾರಪ್ಪನವರು ಇದ್ದೇ ಇರುತ್ತಾರೆ. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಸುರಕ್ಷಿತವಾಗಿರುತ್ತದೆ. ಊರಲ್ಲಿ ನಡೆಯುವುದು ಇದೇ ಹೆಸರು. ಅರವತ್ತು ದಾಟಿದ ವಯಸ್ಸು, ಎರಡೆಕರೆ ಅಡಿಕೆ ತೋಟ, ಪಂಚಾಯ್ತಿಗೆ ಒಮ್ಮೆ ನಿಂತು ಸೋತ ಅನುಭವ, ಹೆಗಲಿಗೊಂದು ಟವೆಲು, ಅಂಗಿ ಜೇಬಿನಲ್ಲಿ ಸಣ್ಣ ನೋಟುಬುಕ್ಕು. ಊರಿನ ಕ್ಷೇಮ ನೋಡಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿಲ್ಲ. ಸಾಕು ಎಂದು ಹೇಳಿದವರು ಮಾತ್ರ ಬಹಳ ಜನ.

ಬೆಳಿಗ್ಗೆ ಪೇಪರ್ ಕೈಗೆ ಬಂದರೆ ನಾವೆಲ್ಲ ಅಡಿಕೆ ಧಾರಣೆ ನೋಡುತ್ತೇವೆ. ಅವರು ನೋಡುವುದು ಜಲಾಶಯ ಮಟ್ಟದ ಪುಟ್ಟ ಚೌಕ. ಲಿಂಗನಮಕ್ಕಿ, ಗರಿಷ್ಠ 1819 ಅಡಿ, ಇಂದು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. 1964ರಲ್ಲಿ ಅಣೆಕಟ್ಟು ಮುಗಿದು ಹಳೇ ಊರು ಮುಳುಗಿದ ಮೇಲೆ ಅವರ ಮನೆತನದಲ್ಲಿ ಪಂಚಾಂಗಕ್ಕಿಂತ ಈ ಲೆಕ್ಕಕ್ಕೇ ಹೆಚ್ಚು ಮರ್ಯಾದೆ. ಮೊಮ್ಮಗಳು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, "ನೀರು 1805 ಇತ್ತು, ಏರ್ತಾ ಇತ್ತು" ಎನ್ನುತ್ತಾರೆ. ತಿಥಿ ನಕ್ಷತ್ರ ಬೇಕಾದವರು ಅವರ ಹೆಂಡತಿಯನ್ನು ಕೇಳಬೇಕು.

ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆಯುವ ಸುದ್ದಿ ಬಂದ ದಿನ ಅವರಿಗೆ ಊಟ ಸೇರುವುದಿಲ್ಲ. ಗೇಟು ತೆಗೆದರೆ ನೀರು ಹೋಗುವುದು ಜೋಗದ ಕಡೆಗೆ, ಅಲ್ಲಿಂದ ಗೇರುಸೊಪ್ಪ, ಹೊನ್ನಾವರದ ಕಡೆಗೆ. ನಮ್ಮ ದಡದಲ್ಲಿ ನೀರು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇದನ್ನು ಊರಿನ ಹೈಸ್ಕೂಲ್ ಹುಡುಗರೂ ವಿವರಿಸಿ ಆಗಿದೆ. ಆದರೂ ಅವರು ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತುತ್ತಾರೆ, ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ನಿಲ್ಲುತ್ತಾರೆ, ಹೊನ್ನಾವರದ ನೆಂಟರಿಗೆ ಫೋನ್ ಹಚ್ಚಿ, "ಹೊಳೆ ಬದಿಗೆ ಹೋಗಡಿ" ಎಂದು ಕೂಗುತ್ತಾರೆ. ಆ ನೆಂಟರ ಮನೆ ಹೊಳೆಯಿಂದ ದೂರ, ಬಸ್‌ಸ್ಟ್ಯಾಂಡಿನ ಹಿಂದೆ.

ಅವರ ನಿಜವಾದ ಕಾರ್ಯಕ್ಷೇತ್ರ ದಡ. ಹಿನ್ನೀರಿನಲ್ಲಿ ಮುಳುಗಿದ ಕಾಡು ಪೂರ್ತಿ ಕೊಳೆತು ಹೋಗಿಲ್ಲ. ನೀರಿನಡಿ ಮರದ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ. ಮೊಣಕಾಲುದ್ದ ಎಂದು ಇಳಿದರೆ ಮುಂದಿನ ಹೆಜ್ಜೆಗೆ ಹಳೇ ತೋಟದ ಬಾವಿಯೋ ಕಾದಿಗೆಯೋ ಸಿಗಬಹುದು. ಯಾವ ಬೊಡ್ಡೆ ಎಲ್ಲಿದೆ, ಯಾರ ಬಾವಿ ಎಲ್ಲಿತ್ತು ಎಂಬುದು ಅವರಿಗೆ ಬಾಯಿಪಾಠ. ಮೀನಿಗೆ ಹೊರಟ ಹುಡುಗರನ್ನು ತಡೆದು, "ತಮಾ, ಅಲ್ಲಿ ಇಳಿಯಡ, ಬಾವಿ ಇದ್ದು" ಎಂದು ಶುರುಮಾಡುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಹುಡುಗರು ಕೇಳಿಯಾರು. ಆದರೆ ಬಾವಿ ತೋಡಿಸಿದವರು ಯಾರು, ಅವರಿಗೆ ಪರಿಹಾರ ಎಷ್ಟು ಬಂತು, ಆ ದುಡ್ಡನ್ನು ತಮ್ಮ ಹೇಗೆ ನುಂಗಿದ ಎಂಬಲ್ಲಿಗೆ ಮಾತು ಹೋಗುತ್ತದೆ. ಅಷ್ಟರಲ್ಲಿ ಹುಡುಗರು ಆಚೆ ದಡದಲ್ಲಿರುತ್ತಾರೆ.

ಒಮ್ಮೆ ನೀರಿನ ಸುರಕ್ಷತೆಯ ತರಬೇತಿ ಕೊಡಲು ಊರಿಗೆ ಬಂದವರು ಹೋಗುವಾಗ ಅವರಿಗೊಂದು ಲೈಫ್ ಜಾಕೆಟ್ ಕೊಟ್ಟು ಹೋದರು. ಕಿತ್ತಳೆ ಬಣ್ಣದ್ದು, ಬೆಲ್ಟು ಎಲ್ಲ ಸರಿಯಾಗಿದೆ. ಆಷಾಢದಲ್ಲಿ ಜಗಲಿಯ ನೆಲ ತಣ್ಣಗಿರುವುದರಿಂದ ಅದನ್ನು ಹಾಸಿಕೊಂಡು ಕೂರುತ್ತಾರೆ. ತೆಪ್ಪ ಹತ್ತುವಾಗ ಹಾಕಿಕೊಳ್ಳಿ ಎಂದರೆ, ನೆನೆದುಹೋಗುತ್ತದೆ ಎನ್ನುತ್ತಾರೆ.

ಮನವಿ ಬರೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. "ಮಾನ್ಯರೇ, ನಾಡಿಗೆ ಬೆಳಕು ಕೊಟ್ಟು ನಾವು ಕತ್ತಲಲ್ಲಿದ್ದೇವೆ" ಎಂದೇ ಎಲ್ಲ ಮನವಿಯೂ ಶುರು. ದಾರಿದೀಪದ ಮನವಿಗೆ ಇದು ಸರಿ. ಮಂಗಗಳ ಕಾಟದ ಮನವಿಗೂ ಇದೇ. ನಗಬಹುದು, ಆದರೆ ಆ ವಾಕ್ಯ ಸುಳ್ಳಲ್ಲ. ಶರಾವತಿಯ ಕರೆಂಟು ಬೆಂಗಳೂರಿನ ಬೀದಿಗೆ ಬೆಳಕು ಕೊಟ್ಟ ಎಷ್ಟೋ ವರ್ಷದ ಮೇಲೂ ಮುಳುಗಡೆಯ ಎಷ್ಟೋ ಮನೆಗಳಲ್ಲಿ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು.

ಅವರ ಮಾತನ್ನು ಊರು ಉಸಿರೆತ್ತದೆ ಕೇಳಿದ ಕಾಲವೂ ಉಂಟು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಬಂದು ಜನ ಸತ್ತರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಹರಡುವುದು ಕಾಡಿನ ಉಣುಗಿನಿಂದ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಆಸ್ಪತ್ರೆಗೆ ತಿಳಿಸಬೇಕು, ಉಣುಗು ತಡೆಯುವ ಎಣ್ಣೆ ಹಚ್ಚದೆ ದರಕಿಗೆ ಹೋಗಬಾರದು ಎಂದು ಹುಷಾರಪ್ಪನವರು ಮನೆಮನೆಗೆ ಹೇಳಿಕೊಂಡು ಬಂದರು. ಆ ವರ್ಷ ಅವರನ್ನು ನೋಡಿ ಯಾರೂ ನಗಲಿಲ್ಲ. ಮರುವರ್ಷ ಬಿಸಿಲಿಗೆ ಮಲಗಿದ್ದ ಮಂಗವೊಂದನ್ನು ಸತ್ತಿದೆ ಎಂದು ವರದಿ ಮಾಡಿದರು. ಆರೋಗ್ಯ ಇಲಾಖೆಯವರು ಬಂದು ಇಳಿಯುವಾಗ ಅದು ಎದ್ದು ಕೂತು ಹುಷಾರಪ್ಪನವರ ತೋಟದ್ದೇ ಬಾಳೆಹಣ್ಣು ಸುಲಿಯುತ್ತಿತ್ತು. ಮತ್ತೆ ನಗು ಶುರುವಾಯಿತು.

ಇಷ್ಟೆಲ್ಲ ಇದ್ದರೂ ಅವರ ಬದುಕಿನ ಮುಖ್ಯ ವಿಷಯ ಸೇತುವೆ. ಹೊಳೆಬಾಗಿಲಿನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಲಾಂಚ್ ಓಡುತ್ತಿದ್ದಾಗ ತುಮರಿ, ಬ್ಯಾಕೋಡಿನ ಜನರ ಜೀವ ಅದರ ವೇಳಾಪಟ್ಟಿಯಲ್ಲಿತ್ತು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ಹಿಡಿದುಕೊಂಡರೆ ಮನೆಯವರು ಮೊದಲು ಓಡಿ ಬರುತ್ತಿದ್ದುದು ಹುಷಾರಪ್ಪನವರ ಜಗಲಿಗೆ. ಯಾರ ಜೀಪಿನಲ್ಲಿ ಡೀಸೆಲ್ ಇದೆ, ಯಾರ ದೋಣಿಗೆ ತೂತಿಲ್ಲ, ಲಾಂಚಿನವರನ್ನು ಎಬ್ಬಿಸಲು ಯಾರನ್ನು ಕಳಿಸಬೇಕು, ಎಲ್ಲ ಆ ನೋಟುಬುಕ್ಕಿನಲ್ಲಿತ್ತು. ಹಗಲು ಅದನ್ನು ಆಡಿಕೊಂಡವರೇ ರಾತ್ರಿ ಟಾರ್ಚು ಹಿಡಿದು ಅದರ ಪುಟ ತಿರುಗಿಸಿದ್ದಾರೆ. ಬೇಸಿಗೆಯಲ್ಲಿ ನೀರು ತೀರಾ ಇಳಿದು, ಮಡೆನೂರಿನ ಹಳೇ ಡ್ಯಾಮು ತಲೆ ಎತ್ತಿ, ಲಾಂಚಿಗೆ ವಾಹನ ಹತ್ತಿಸುವುದೂ ನಿಂತಾಗ ಅವರ ಮನವಿಗಳು ವಾರಕ್ಕೊಂದರಂತೆ ಹೊರಡುತ್ತಿದ್ದವು. ಎಲ್ಲದರಲ್ಲೂ ಒಂದೇ ಬೇಡಿಕೆ, ಸೇತುವೆ ಕೊಡಿ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ಕೇಬಲ್ ಹಿಡಿದು ನಿಲ್ಲಿಸಿದ ಸೇತುವೆ. ಹುಷಾರಪ್ಪನವರು ಪಂಚೆ ಇಸ್ತ್ರಿ ಮಾಡಿಸಿಕೊಂಡು ಹೋಗಿ ಈ ತುದಿಯಿಂದ ಆ ತುದಿಗೆ ನಡೆದರು, ವಾಪಸೂ ನಡೆದರು. ಕಣ್ಣಲ್ಲಿ ನೀರಿತ್ತು ಎಂದು ನೋಡಿದವರು ಹೇಳುತ್ತಾರೆ. ಗಾಳಿ ಎಂದು ಅವರು ಹೇಳುತ್ತಾರೆ.

ತಿಂಗಳು ತುಂಬುವುದರೊಳಗೆ ಹೊಸ ಮನವಿ ಸಿದ್ಧವಾಗಿತ್ತು. ಸೇತುವೆಗೆ ಚೆಕ್‌ಪೋಸ್ಟ್ ಬೇಕು.

ಅವರ ವಾದವನ್ನು ಅವರ ಬಾಯಲ್ಲೇ ಕೇಳಬೇಕು. "ನೋಡು ತಮಾ, ಲಾಂಚ್ ಇದ್ದಾಗ ಕಳ್ಳನಿಗೂ ಸರದಿ ಇತ್ತು. ನಮ್ಮ ಅಡಿಕೆ ಕದ್ದವ ಮೂಟೆ ಹೊತ್ಕಂಡು ನಮ್ಮ ಜೊತೆನೇ ಲಾಂಚಿಗೆ ಕಾಯಕಾಗಿತ್ತು. ನಾವು ನಾಲ್ಕು ಮಾತಾಡ್ಸಿದ್ರೆ ಅವನ ಊರು, ಮನೆ, ಮಾವನ ಮನೆ ಎಲ್ಲ ಹೊರಗೆ ಬರ್ತಿತ್ತು. ಈಗ ಬುರ್ ಅಂತ ಬತ್ತ, ಬುರ್ ಅಂತ ಹೋಗ್ತ." ಒಪ್ಪದೆ ಇರುವುದು ಕಷ್ಟ. ಇಷ್ಟು ವರ್ಷ ನಮ್ಮನ್ನು ಹೆದರಿಸಿದ್ದ ನೀರೇ ನಮ್ಮ ಬೇಲಿಯೂ ಆಗಿತ್ತು. ಮನೆಗೆ ಬೀಗ ಹಾಕುವ ರೂಢಿ ಎಷ್ಟೋ ಮನೆಗಳಲ್ಲಿ ಇರಲಿಲ್ಲ. ಈಚೆಗೆ ಸಾಗರಕ್ಕೆ ಹೋದವರ ಸಾಮಾನಿನ ಚೀಟಿಯಲ್ಲಿ ಬೀಗವೂ ಸೇರಿದೆ.

ಸರ್ಕಾರ ಚೆಕ್‌ಪೋಸ್ಟ್ ಕೊಡುವವರೆಗೆ ಕಾಯುವ ಜಾಯಮಾನ ಅವರದಲ್ಲ. ಸಿಗಂದೂರು ದೇವಿಯ ಗುಡಿಗೆ ಹೋಗುವ ತಿರುವಿನಲ್ಲಿ ಒಂದು ಗೂಡಂಗಡಿಯ ಬೆಂಚಿನ ಮೇಲೆ ಈಗ ಅವರ ಠಾಣೆ. ಮಂಗಳವಾರ, ಶುಕ್ರವಾರ ಭಕ್ತರ ಕಾರುಗಳು ಹೆಚ್ಚು. ಆ ದಿನ ಮೊಮ್ಮಗಳನ್ನೂ ನಂಬರು ಓದಲು ಕೂರಿಸಿಕೊಳ್ಳುತ್ತಾರೆ. ಸೇತುವೆಯ ನಡುವೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರ ಮೇಲೆ ಅವರಿಗೆ ಕಳ್ಳರಿಗಿಂತ ಹೆಚ್ಚು ಸಿಟ್ಟು.

ಹಾಗಾಗಿ ಈ ಕಡೆ ಬರುವವರಲ್ಲಿ ಒಂದು ಕೋರಿಕೆ. ದೇವಿಯ ದರ್ಶನ ಮಾಡಿ, ಹಿನ್ನೀರು ನೋಡಿ, ಆದರೆ ತಿಳಿಯಾಗಿದೆ ಎಂದು ನೀರಿಗೆ ಇಳಿಯಬೇಡಿ. ಅಡಿಯಲ್ಲಿ ಏನಿದೆ ಎಂಬುದು ನಿಮಗೆ ಗೊತ್ತಿಲ್ಲ, ಅವರಿಗೆ ಗೊತ್ತು. ತಿರುವಿನಲ್ಲಿ ಟವೆಲು ಹಾಕಿದ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ಯಾವೂರು, ಯಾರ ಮನೆಗೆ, ವಾಪಸು ಯಾವಾಗ ಎಂದು ಕೇಳಿದರೆ ಬೇಸರಪಡದೆ ಹೇಳಿಬಿಡಿ. ಹೇಳದಿದ್ದರೆ ಸಂಜೆಯೊಳಗೆ ನಿಮ್ಮ ಕಾರಿನ ನಂಬರು ಮೂರು ಊರಿಗೆ ಗೊತ್ತಾಗಿರುತ್ತದೆ.