ಪಿಕಪ್ ಪಂಡಿತರು

ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೂ ಪಿಕಪ್ ಪಂಡಿತರ ದರ್ಶನ ಖಂಡಿತ. ಮೊಣಕಾಲುದ್ದದ ಚಡ್ಡಿ, ಆಫೀಸಿನಲ್ಲಿ ಪುಕ್ಕಟೆ ಸಿಕ್ಕ ಟೀ ಶರ್ಟು, ಕೈಯಲ್ಲೊಂದು ಹಳೇ ಟೂತ್‌ಬ್ರಶ್ಶು. ಕಾರು ಒರೆಸುವ ಹುಡುಗ ಬಾನೆಟ್ಟು, ಗಾಜು, ಬಾಗಿಲು ಎಲ್ಲವನ್ನೂ ಮುಟ್ಟಬಹುದು; ಚಕ್ರಕ್ಕೆ ಮಾತ್ರ ಮಡಿ. ಅದನ್ನು ಪಂಡಿತರೇ ಕುಕ್ಕರಗಾಲಿನಲ್ಲಿ ಕೂತು, ಸ್ಪೋಕಿನ ಸಂದಿಸಂದಿಯಿಂದ ಬ್ರೇಕಿನ ಕಪ್ಪು ಧೂಳನ್ನು ಕೆದಕಿ ತೆಗೆಯಬೇಕು. ಚಟ್ನಿಗೆ ಒಂದು ಹೋಳು ಕಾಯಿ ತುರಿದುಕೊಡಿ ಎಂದರೆ ಸೊಂಟನೋವು ಎನ್ನುವ ಮನುಷ್ಯ, ನಾಲ್ಕು ಚಕ್ರ ಮುಗಿಯುವ ತನಕ ಮೇಲೇಳುವುದಿಲ್ಲ.

ಪಂಡಿತರ ಪ್ರಪಂಚದಲ್ಲಿ ಮೈಲೇಜು ಅಂಕಲ್‌ಗಳ ವಿಷಯ, ಡಿಕ್ಕಿಯ ಜಾಗ ಸಂಸಾರಸ್ಥರ ವಿಷಯ. ತಮಗಿರುವುದು ಒಂದೇ ಧ್ಯಾನ, ಪಿಕಪ್ಪು. ಸಿಗ್ನಲ್ ಹಸಿರಾದ ಕ್ಷಣ ಪಕ್ಕದ ಗಾಡಿಗಿಂತ ಅರ್ಧ ಬಾನೆಟ್ಟಾದರೂ ಮುಂದಿರಬೇಕು. ಅದಕ್ಕಾಗಿ ಕೆಂಪು ದೀಪಕ್ಕೆ ಇನ್ನು 5 ಸೆಕೆಂಡು ಇದೆ ಎನ್ನುವಾಗಲೇ ಎ.ಸಿ. ಆಫ್ ಮಾಡುತ್ತಾರೆ. ಕಂಪ್ರೆಸರು ಎಂಜಿನ್ನಿನ ಶಕ್ತಿ ತಿನ್ನುತ್ತದಲ್ಲ! "ರೀ, ಸೆಕೆ" ಎಂದು ಹೆಂಡತಿ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುವಷ್ಟರಲ್ಲಿ ಸ್ವಿಫ್ಟು ಚಿಮ್ಮಿ, ಇನ್ನೂರು ಮೀಟರ್ ಆಚೆಯ ಮುಂದಿನ ಕೆಂಪು ದೀಪದಲ್ಲಿ ಎಲ್ಲರಿಗಿಂತ ಮೊದಲು ನಿಂತಿರುತ್ತದೆ. ಹಿಂದೆ ಬಿದ್ದ ಆಟೋದವನು ನಿಧಾನಕ್ಕೆ ಬಂದು ಪಕ್ಕದಲ್ಲೇ ನಿಲ್ಲುತ್ತಾನೆ. ಪಂಡಿತರು ಆ ಕಡೆ ನೋಡುವುದಿಲ್ಲ.

ಸ್ವಿಫ್ಟಿಗೆ ಕಂಪನಿಯಿಂದ ಬಂದದ್ದು 185/65 ಆರ್15 ಟೈರು. ಅಂದರೆ ಅಗಲ 185 ಮಿಲಿಮೀಟರ್, ಸೈಡ್‌ವಾಲಿನ ಎತ್ತರ ಆ ಅಗಲದ ಶೇ. 65, ರಿಮ್ಮು 15 ಇಂಚು. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಿಬರಲು ಧಾರಾಳ ಸಾಕು. ಆದರೆ ಬೇಸ್‌ಮೆಂಟಿನ ಎದುರು ಪಾರ್ಕಿಂಗಿಗೆ 17 ಇಂಚಿನ ಕಾರೊಂದು ಬಂದು ನಿಂತ ದಿನದಿಂದ ಪಂಡಿತರಿಗೆ ತಮ್ಮ ಚಕ್ರ ಸೊರಗಿದಂತೆ ಕಾಣತೊಡಗಿತು. ಒಂದು ಶನಿವಾರ ಜೆ.ಸಿ. ರೋಡಿಗೆ ಹೋದರು.

ಅಂಗಡಿಯಲ್ಲಿ ಗೋಡೆಯ ತುಂಬ ರಿಮ್ಮುಗಳು: ಗನ್ ಮೆಟಲ್, ಡೈಮಂಡ್ ಕಟ್, ಮ್ಯಾಟ್ ಬ್ಲ್ಯಾಕ್. ಪಂಡಿತರು ಪಿಸಿಡಿ ಕೇಳಿದರು, ಆಫ್‌ಸೆಟ್ ಕೇಳಿದರು, ಬಣ್ಣದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ಮಾಡಿದರು. ತೂಕ ಮಾತ್ರ ಕೇಳಲಿಲ್ಲ. ಅಲಾಯ್ ಅಂದಮೇಲೆ ಹಗುರ ಇರಲೇಬೇಕಲ್ಲ. "ಹಾಕಿ ನೋಡಿ ಸಾರ್, ಗಾಡಿ ಗುಂಡಿನ್ ಥರ ಹೋಗುತ್ತೆ" ಎಂದ ಅಂಗಡಿಯವನು. 205/45 ಆರ್17 ಟೈರುಗಳ ಜೊತೆ ಹೊಸ ಚಕ್ರ ಕೂತವು. ಹಳೆಯ ನಾಲ್ಕು ಬಾಲ್ಕನಿಗೆ ಏರಿ, ತುಳಸಿ ಕುಂಡದ ಪಕ್ಕ ಒಂದರ ಮೇಲೊಂದು ಕೂತು, ಒಗೆದ ಬಟ್ಟೆಯ ಬಕೆಟ್ ಇಡಲು ಸ್ಟೂಲಾದವು.

ಅಲಾಯ್ ಚಕ್ರದ ಮೇಲಿನ ಈ ಭಕ್ತಿಗೆ ಮೂಲ ರೇಸಿನ ಮೈದಾನ. 1924ರಲ್ಲಿ ಫ್ರಾನ್ಸಿನ ಲಿಯಾನ್ ಗ್ರಾಂಪ್ರಿಯಲ್ಲಿ ಇಳಿದ ಬುಗಾಟಿ ಟೈಪ್ 35 ಕಾರಿಗೆ ಎಂಟು ಚಪ್ಪಟೆ ಸ್ಪೋಕಿನ ಎರಕದ ಅಲ್ಯೂಮಿನಿಯಂ ಚಕ್ರಗಳಿದ್ದವು. ಬ್ರೇಕ್ ಡ್ರಮ್ಮು ಕೂಡ ಅದರಲ್ಲೇ ಸೇರಿತ್ತು. ಆ ದಿನ ಟೈರುಗಳು ಕೈಕೊಟ್ಟು ಬುಗಾಟಿಗೆ ಗೆಲುವು ದಕ್ಕಲಿಲ್ಲ. ಮುಂದೆ ಅದೇ ಕಾರು ರೇಸಿನ ಮೇಲೆ ರೇಸು ಗೆದ್ದಿತು. ಆಮೇಲಿನ ರೇಸು ಕಾರುಗಳಿಗೆ ಇನ್ನೂ ಹಗುರವಾದ ಮೆಗ್ನೀಸಿಯಂ ಚಕ್ರ ಬಂತು. ಪಂಡಿತರಿಗೆ ಈ ಚರಿತ್ರೆ ಬಾಯಿಪಾಠ. ಯಾರಾದರೂ ಚಕ್ರ ಯಾಕೆ ದೊಡ್ಡದು ಮಾಡಿಸಿದಿರಿ ಎಂದರೆ, "2022ರಲ್ಲಿ ಫಾರ್ಮುಲಾ ಒನ್ನೇ 13 ಇಂಚಿನಿಂದ 18 ಇಂಚಿಗೆ ಹೋಯ್ತು, ನಾನು ಹೋಗಬಾರದಾ?" ಎಂದು ಕೇಳುತ್ತಾರೆ. ಅದೇ ವರ್ಷ ಆ ಕಾರುಗಳ ಕನಿಷ್ಠ ತೂಕ 752 ಕೆ.ಜಿ.ಯಿಂದ 798ಕ್ಕೆ ಏರಿತು, ಅದಕ್ಕೆ ದೊಡ್ಡ ಚಕ್ರ, ಟೈರುಗಳ ಪಾಲೂ ಇತ್ತು ಎಂಬುದು ಅವರ ಪಾಠದಲ್ಲಿ ಇಲ್ಲ.

ಹೊಸ ಚಕ್ರದಲ್ಲಿ ಮೊದಲ ಸುತ್ತು ಹೋಗಿಬಂದು "ಪಿಕಪ್ ಡಬಲ್!" ಎಂದು ಘೋಷಿಸಿದರು. ಪೂರ್ತಿ ಸುಳ್ಳೇನಲ್ಲ, ಏನೋ ಬದಲಾಗಿತ್ತು. ಸೈಡ್‌ವಾಲು 120 ಮಿಲಿಮೀಟರಿನಿಂದ 92ಕ್ಕೆ ಇಳಿದಾಗ ಟೈರು ಅಷ್ಟಾಗಿ ಮೈಬಳುಕಿಸುವುದಿಲ್ಲ; ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ. ತಿರುವಿನಲ್ಲಿ ಗಾಡಿ ಚುರುಕು. ಆ ಚುರುಕನ್ನೇ ಪಂಡಿತರು ಪಿಕಪ್ಪಿನ ಖಾತೆಗೆ ಜಮಾ ಮಾಡಿಕೊಂಡರು. ಅದೇ ಗಟ್ಟಿತನ ಗುಂಡಿಯಲ್ಲಿ ಬೇರೆ ಕೆಲಸ ಮಾಡಿತು. ಮೊದಲ ಮಳೆಗೇ ಎಡಗಡೆ ಮುಂದಿನ ರಿಮ್ಮು ಬೆಂಡಾಗಿ, ಎಂಬತ್ತು ದಾಟಿದರೆ ಸ್ಟೀರಿಂಗ್ ಗಡಗಡ. ಬೆಂಡು ತೆಗೆಸಿ, ಬ್ಯಾಲೆನ್ಸಿಂಗ್ ಮಾಡಿಸಿ ಬಂದು, ತಪ್ಪೆಲ್ಲ ಪಾಲಿಕೆಯದು ಎಂದರು.

ಈ ಹಂತದಲ್ಲಿ ಮೈಸೂರಿನಿಂದ ಮಾವನವರು ಬಂದಿಳಿದರು. ವಿಕ್ರಾಂತ್ ಟೈರ್ ಫ್ಯಾಕ್ಟರಿಯಲ್ಲಿ ಸರ್ವೀಸು ಮುಗಿಸಿದ ಮನುಷ್ಯ. ಮಾತು ಕಮ್ಮಿ, ಟೈರು ಕಂಡರೆ ಮಾತ್ರ ಬೆರಳು ತಾನಾಗಿ ಹೋಗಿ ಗ್ರೂವಿನ ಆಳ ನೋಡುತ್ತದೆ. ಬೇಸ್‌ಮೆಂಟಿನಲ್ಲಿ ಅಳಿಯ ಹೊಸ ಚಕ್ರದ ಗುಣಗಾನ ಮಾಡುತ್ತ, ಚಕ್ರದಲ್ಲಿ ಒಂದು ಕೆ.ಜಿ. ಉಳಿಸಿದರೆ ಗಾಡಿಯಲ್ಲಿ ಹತ್ತು ಕೆ.ಜಿ. ಉಳಿಸಿದ ಹಾಗೆ ಎಂದು ಮುಗಿಸಿದಾಗ, ಮಾವ ಒಂದೇ ಮಾತು ಕೇಳಿದರು.

"ಅಳಿಯಂದ್ರೇ, ತೂಕ ಹಾಕಿಸಿದ್ರಾ?"

ಬಾತ್‌ರೂಮಿನ ತೂಕದ ಮಶೀನು ಕೆಳಗೆ ಬಂತು. ವಾಚ್‌ಮನ್, ಇಸ್ತ್ರಿಯವನು, ಸೈಕಲ್ ಹೊಡೆಯುತ್ತಿದ್ದ ಮಕ್ಕಳು ಸುತ್ತ ಸೇರಿದರು. ಪಂಡಿತರು ಬರಿಗೈಯಲ್ಲಿ ಹತ್ತಿ ನಿಂತರು: 83. ಬಾಲ್ಕನಿಯಿಂದ ಇಳಿಸಿದ ಹಳೇ ಚಕ್ರವನ್ನು ಎದೆಗವಚಿಕೊಂಡು ಹತ್ತಿದರು: 98. ಜಾಕ್ ಕೊಟ್ಟು ಬಿಚ್ಚಿದ ಹೊಸ ಚಕ್ರದ ಜೊತೆ ಹತ್ತಿದಾಗ ಮುಳ್ಳು ತೂಗಾಡಿ, ತೂಗಾಡಿ, 103ರ ಮೇಲೆ ನಿಂತಿತು. ಪಂಡಿತರು ಚಕ್ರವನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು, ತೂಕ ಇಳಿಯಬಹುದೆಂಬ ಆಸೆಯಿಂದ. ಇಳಿಯಲಿಲ್ಲ. "ಮದುವೇಲಿ 71 ಇದ್ರು" ಎಂದು ಹೆಂಡತಿ ಲಿಫ್ಟಿನ ಬಾಗಿಲಿನಿಂದಲೇ ಹೇಳಿದ್ದು ಚರ್ಚೆಗೆ ಸಂಬಂಧಪಟ್ಟದ್ದಲ್ಲವೆಂದು ಕೈಬಿಡಲಾಯಿತು.

ಒಂದು ಚಕ್ರಕ್ಕೆ 5 ಕೆ.ಜಿ., ನಾಲ್ಕಕ್ಕೆ 20 ಕೆ.ಜಿ. ಹೆಚ್ಚು! ಇದರಲ್ಲಿ ಮಾಯವೇನೂ ಇಲ್ಲ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಭಾರ, ನಿಜ. ಆದರೆ ಅದರ ಬಿಗಿಯೂ ಉಕ್ಕಿನ ಮೂರನೇ ಒಂದು ಭಾಗ. ಹಾಗಾಗಿ ಎರಕದ ಚಕ್ರ ಗಟ್ಟಿಯಾಗಬೇಕಾದರೆ ದಪ್ಪಗಿರಬೇಕು. ಅಗ್ಗದ ಎರಕವಾದರೆ ಇನ್ನೂ ದಪ್ಪ. ಭಾರಿ ಒತ್ತಡದಲ್ಲಿ ಒತ್ತಿ ತೆಗೆದ ಫೋರ್ಜ್ಡ್ ಚಕ್ರ, ಅಂಚನ್ನು ಬಿಸಿಯಲ್ಲಿ ಹಿಗ್ಗಿಸಿ ತೆಳುಮಾಡಿದ ಫ್ಲೋ ಫಾರ್ಮ್ಡ್ ಚಕ್ರ ಹಗುರ ಇರುತ್ತವೆ. ಅವುಗಳ ಬೆಲೆ ಮಾತ್ರ ಹಗುರವಲ್ಲ. ಅಂಗಡಿಯವನು ಅವನ್ನು ಗೋಡೆಯ ಮೇಲಿನ ಸಾಲಿನಲ್ಲಿ ಇಟ್ಟಿದ್ದ, ಪಂಡಿತರು ಕತ್ತೆತ್ತಿರಲಿಲ್ಲ.

ಮಾವ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಲೆಕ್ಕ ಬರೆದರು. ಉರುಳುವ ಚಕ್ರ ಮಾಡುವ ಕೆಲಸ ಎರಡು: ಗಾಡಿಯ ಜೊತೆ ಮುಂದಕ್ಕೆ ಹೋಗಬೇಕು, ತನ್ನ ಸುತ್ತ ತಾನೂ ತಿರುಗಬೇಕು. ಈ ಸೈಜಿನ ಚಕ್ರ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 850 ಸುತ್ತು ಹಾಕುತ್ತದೆ. ಅಷ್ಟು ತಿರುಗಿಸುವ ಶಕ್ತಿಯನ್ನೂ ಎಂಜಿನ್ನೇ ಕೊಡಬೇಕು. ತೂಕವೆಲ್ಲ ರಸ್ತೆಗೆ ತಾಗುವ ಹೊರಅಂಚಿನಲ್ಲೇ ಇದೆ ಎಂದಿಟ್ಟುಕೊಂಡರೆ, ತಿರುಗಲು ಬೇಕಾದ ಶಕ್ತಿ ಮುಂದೆ ಹೋಗಲು ಬೇಕಾದಷ್ಟೇ ಆಗುತ್ತದೆ. ಅಲ್ಲಿಗೆ ಒಂದು ಕೆ.ಜಿ. ಎರಡರ ಹಾಗೆ ನಡೆದುಕೊಳ್ಳುತ್ತದೆ. ಅದೇ ಕೊನೆಯ ಮಿತಿ. ಹತ್ತು ಎನ್ನುವುದು ಅಂಗಡಿ ಮಾತು. ಟೈರಿನ ಟ್ರೆಡ್ಡು ಹೆಚ್ಚುಕಮ್ಮಿ ಆ ಎರಡರ ಹತ್ತಿರ ಬರುತ್ತದೆ. 15 ಇಂಚಿನ ರಿಮ್ಮಿನ ಅಂಚಿನಲ್ಲಿರುವ ಕೆ.ಜಿ. 1.4ರಷ್ಟು, 17 ಇಂಚಿನದು 1.5ರಷ್ಟು. ನಡುವಿನ ಹಬ್ಬಿನ ಬಳಿ ಇರುವ ತೂಕಕ್ಕೆ ಲೆಕ್ಕ ಬಹುತೇಕ ಒಂದೇ.

"ಅಂದ್ರೆ ರಿಮ್ಮಿಗಿಂತ ಟೈರಿನ ತೂಕ ದುಬಾರಿ" ಎಂದರು ಮಾವ. "ನೀವು ಬಣ್ಣ ನೋಡ್ಕೊಂಡ್ ಬಂದ್ರಿ."

ಹಾಗಾದರೆ ನಷ್ಟ ಎಷ್ಟು? 20 ಕೆ.ಜಿ. ಅತಿಹೆಚ್ಚೆಂದರೆ 40ರ ಹಾಗೆ ಕೂತಿತು. ಸದಾ ಕಾಲ ಒಂದೂವರೆ ಮೂಟೆ ಅಕ್ಕಿ ಹೊತ್ತುಕೊಂಡು ಸಿಗ್ನಲ್ಲಿನಲ್ಲಿ ಓಟಕ್ಕೆ ನಿಂತಂತೆ. ಡ್ರೈವರ್ ಸೇರಿ ಒಂದು ಟನ್ನಿನ ಆಸುಪಾಸಿನ ಗಾಡಿಗೆ ಅದು ಶೇ. 4. ಸೊನ್ನೆಯಿಂದ ನೂರಕ್ಕೆ ಹೋಗಲು 12–13 ಸೆಕೆಂಡು ತೆಗೆದುಕೊಳ್ಳುವ ಕಾರಿಗೆ ಇನ್ನೊಂದರ್ಧ ಸೆಕೆಂಡು ಕೂಡುತ್ತದೆ, ಅಷ್ಟೇ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತಿರುಗುವ ತೂಕಕ್ಕೆ ಹೊಸದಾಗಿ ಏನೂ ಕೊಡಬೇಕಾಗಿಲ್ಲ. ಆದರೆ ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡಿನ ತನಕ ನಿಂತು ನಿಂತು ಹೊರಡುವವರು ಪ್ರತಿ ಸಲವೂ ಪೆಟ್ರೋಲು ಕೊಟ್ಟು ಚಕ್ರ ತಿರುಗಿಸಿ, ಪ್ರತಿ ಸಲವೂ ಬ್ರೇಕಿನಲ್ಲಿ ಅದನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತಾರೆ. ಮೇಲಾಗಿ, ಸ್ಪ್ರಿಂಗು ಹೊರುವುದು ಬಾಡಿಯನ್ನು. ಚಕ್ರ ಅದರ ಕೆಳಗೆ ಇರುವಂಥದ್ದು. ಉಬ್ಬಿಗೆ ಹಾರಿದ ಭಾರದ ಚಕ್ರವನ್ನು ಮತ್ತೆ ನೆಲಕ್ಕೆ ತರಲು ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಹೆಚ್ಚು ಹೆಣಗಬೇಕು. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನವರು ಟಾರು ರಸ್ತೆಗೆ 18 ಇಂಚು ಹಾಕಿದರೂ ಮಣ್ಣು ದಾರಿಗೆ 15 ಇಂಚಿನ ರಿಮ್ಮು, ಎತ್ತರದ ಸೈಡ್‌ವಾಲೇ ಹಾಕುವುದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಪಂಡಿತರು ಅಂಥವರಲ್ಲ. ಸೋಮವಾರದ ಹೊತ್ತಿಗೆ ಅವರು ಹಗುರ ಮತಕ್ಕೆ ಸೇರಿದ್ದರು. 17 ಇಂಚಿನ ಸೆಟ್ಟನ್ನು ಅರ್ಧ ಬೆಲೆಗೆ ಮಾರಿ, ಅದರ ದುಪ್ಪಟ್ಟು ಹಾಕಿ 15 ಇಂಚಿನ ಫ್ಲೋ ಫಾರ್ಮ್ಡ್ ತಂದರು. ಈಗ ಅಂಗಡಿಗೆ ಹೋಗುವಾಗ ಹೆಗಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ತಕ್ಕಡಿ ಕೊಕ್ಕೆ. ಸ್ಟೀಲಿನ ವಾಲ್ವ್ ಕ್ಯಾಪ್ ತೆಗೆದು ಪ್ಲಾಸ್ಟಿಕ್ಕಿನದು ಹಾಕಿಸಿದರು. ಡಿಕ್ಕಿಯ ಸಬ್‌ವೂಫರ್ ಇಳಿಯಿತು, ಹಿಂದಿನ ಸೀಟಿನ ದಿಂಬು ಇಳಿದವು, ಮಗನ ಕ್ರಿಕೆಟ್ ಕಿಟ್ಟು ಇಳಿಯಿತು. ಸ್ಟೆಪ್ನಿಯನ್ನೂ ಇಳಿಸಲು ಹೋದಾಗ ಹೆಂಡತಿ, "ಅದು ಇಳಿದ್ರೆ ನಾನೂ ಇಳೀತೀನಿ" ಎಂದಳು. ಪಂಡಿತರು ಒಂದು ಕ್ಷಣ ಎರಡರ ತೂಕವನ್ನೂ ಮನಸ್ಸಿನಲ್ಲೇ ಕೂಡಿದಂತೆ ಕಂಡಿತು, ಪುಣ್ಯಕ್ಕೆ ಬಾಯಿಬಿಡಲಿಲ್ಲ. ಡ್ಯಾಶ್‌ಬೋರ್ಡಿನ ಗಣಪತಿಗೆ ಮಾತ್ರ ವಿನಾಯಿತಿ.

ಕೊನೆಗೆ ಕಣ್ಣು ಬಿದ್ದದ್ದು ಪೆಟ್ರೋಲಿನ ಮೇಲೆ. ಸ್ವಿಫ್ಟಿನ ಟ್ಯಾಂಕು 37 ಲೀಟರ್. ತುಂಬಿದರೆ ಸುಮಾರು 27 ಕೆ.ಜಿ. ಚಕ್ರದಲ್ಲಿ ಇಷ್ಟೆಲ್ಲ ಪಾಡುಪಟ್ಟು ಉಳಿಸಿದ್ದನ್ನು ಬಂಕಿನಲ್ಲಿ ಒಂದೇ ಸಲ ಸುರಿದುಕೊಳ್ಳುವುದು ಯಾವ ನ್ಯಾಯ? ಅಂದಿನಿಂದ ಐನೂರು ರೂಪಾಯಿಗಿಂತ ಹೆಚ್ಚು ಹಾಕಿಸಲಿಲ್ಲ. ಮಾವನವರನ್ನು ಊರಿಗೆ ಕಳಿಸುವ ಮುನ್ನ ದೇವನಹಳ್ಳಿ ಕಡೆಯ ನೆಂಟರ ಮನೆ ಮುಗಿಸಿಕೊಂಡು ಬರುವಾಗ, ಹೆಬ್ಬಾಳ ಫ್ಲೈಓವರಿನ ಏರಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲಿನ ಮುಳ್ಳು ಕೆಳಗಿನ ಗೆರೆಗೆ ಒರಗಿ ಮಲಗಿತ್ತು. ಹಿಂದೆ ಹಾರ್ನುಗಳ ಸಂತೆ. ಹೆಂಡತಿ ಸ್ಟೀರಿಂಗ್ ಹಿಡಿದಳು. ಪಂಡಿತರು ಮತ್ತು ಒಬ್ಬ ಡೆಲಿವರಿ ಹುಡುಗ ಹಿಂದಿನಿಂದ ಭುಜ ಕೊಟ್ಟರು.

ಮುಂದಿನ ಸೀಟಿನಲ್ಲಿದ್ದ ಮಾವ ಗಾಜು ಇಳಿಸಿ ಕತ್ತು ಹೊರಗೆ ಹಾಕಿದರು. "ಹೇಗಿದೆ ಅಳಿಯಂದ್ರೇ, ಹಗುರ ಅನ್ನಿಸ್ತಿದೆಯಾ?"

ಪಂಡಿತರಿಗೆ ಏದುಸಿರು, ಶರ್ಟೆಲ್ಲ ಬೆವರು. "ಮೊದ್ಲಿನ ಚಕ್ರ ಆಗಿದ್ರೆ ಇಷ್ಟು ದೂರಾನೂ ಬರ್ತಿರ್ಲಿಲ್ಲ ಮಾವ" ಎಂದರು, "ಸ್ಟಾರ್ಟಿಂಗ್ ಪಿಕಪ್ ನೋಡಿದ್ರಾ!"